ಹೆಸರು ಬೇಡ ಅಂದವರ ಬದುಕನ್ನು ಬರೆದಿಡುವುದು ಹೇಗೆ

ನಮ್ಮ ಮಲೆನಾಡಿನ ಪ್ರತಿ ಊರಿನಲ್ಲೂ ಇಂಥವರು ಒಬ್ಬರಾದರೂ ಸಿಗುತ್ತಾರೆ. ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಯಾರದೋ ಮಗಳ ಮದುವೆಗೆ ಅಕ್ಕಿ ಮೂಟೆ ಕಳಿಸಿದವರು, ಸುರಿಯುವ ಮಳೆಯಲ್ಲಿ ಬಸುರಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದವರು. ದೊಡ್ಡ ಶ್ರೀಮಂತರೇನಲ್ಲ. ಮನೆ, ಮಕ್ಕಳು, ಸಾಲ ಎಲ್ಲ ಇದ್ದವರೇ. ತೀರಿಕೊಂಡ ದಿನ ಊರಿಗೆ ಊರೇ ಸೇರುತ್ತದೆ. ಇಪ್ಪತ್ತು ವರ್ಷ ಕಳೆದರೆ ಅದೇ ಶಾಲೆಯ ಮಕ್ಕಳಿಗೆ ಆ ಜಾಗ ಯಾರದು ಅಂತ ಗೊತ್ತಿರುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದವಳು. ಬೇಲೂರು ಗಡಿಗೆ ಹತ್ತಿರದ ಊರು ನಮ್ಮದು. ನಿವೃತ್ತಿಯಾದ ಮೇಲೆ ನಮ್ಮೂರಿನ ದಿನಸಿ ಅಂಗಡಿಯ ಅಜ್ಜನ ಬದುಕನ್ನು ಒಂದು ಸಣ್ಣ ಪುಸ್ತಕವಾಗಿ ಬರೆದೆ. ಊರೆಲ್ಲ ಅವರನ್ನು ಅಂಗಡಿ ಅಜ್ಜ ಅಂತಲೇ ಕರೆಯುತ್ತಿತ್ತು, ಇಲ್ಲೂ ಹಾಗೇ ಕರೆಯುತ್ತೇನೆ. ಅದಾದ ಮೇಲೆ ಅಕ್ಕಪಕ್ಕದ ಊರಿನವರು "ನಮ್ಮ ತಾತನ ಬಗ್ಗೆಯೂ ಬರೀಬೇಕು ಮೇಡಂ, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಸದ್ದಿಲ್ಲದೆ ಕೊಟ್ಟವರ ಬದುಕು ಅವರ ಮನೆಯ ಬೀರುವಿನಲ್ಲಿ ಸಿಗುವುದು ಕಡಿಮೆ. ಪಡೆದವರ ನೆನಪಿನಲ್ಲಿ, ಮನೆಯವರ ದುಡಿಮೆಯಲ್ಲಿ ಸಿಗುವುದೇ ಜಾಸ್ತಿ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಯಾರನ್ನು ಕೇಳಬೇಕು, ಏನು ಕೇಳಬೇಕು

ಎಲ್ಲರೂ ಮೊದಲು ಊರಿನ ಗಣ್ಯರ ಮನೆಗೆ ಹೋಗುತ್ತಾರೆ. ಅವರನ್ನು ಕೊನೆಗೆ ಇಟ್ಟುಕೊಳ್ಳಿ. ಸಭೆಗಳಲ್ಲಿ ಮಾತಾಡಿ ಅಭ್ಯಾಸ ಇರುವವರು "ಕೊಡುಗೈ ದಾನಿ, ಅಜಾತಶತ್ರು, ಸರಳ ಜೀವಿ" ಅನ್ನುತ್ತಾರೆ. ಈ ಮೂರು ಮಾತನ್ನು ಯಾರ ಹೆಸರಿನ ಮುಂದೆ ಬೇಕಾದರೂ ಇಡಬಹುದು, ಅಲ್ವಾ? ಮೊದಲು ಹೋಗಬೇಕಾದ್ದು ಅಂಗಡಿಯಲ್ಲಿ ಮೂಟೆ ಹೊತ್ತವರ ಹತ್ತಿರ, ಜೀಪಿನ ಡ್ರೈವರ್ ಹತ್ತಿರ, ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರ್ ಹತ್ತಿರ, ಪೋಸ್ಟ್‌ಮ್ಯಾನ್ ಹತ್ತಿರ, ಎಸ್ಟೇಟ್ ಕೂಲಿಯವರು ಇರುವ ಲೈನು ಮನೆಗಳ ಹಿರಿಯ ಹೆಂಗಸರ ಹತ್ತಿರ.

"ಅವರು ಎಂಥ ಮನುಷ್ಯ?" ಅಂತ ಕೇಳಬೇಡಿ. "ದೇವರಂಥ ಮನುಷ್ಯ" ಅಂತ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ವಸ್ತುಗಳ ಬಗ್ಗೆ ಕೇಳಿ. ತಕ್ಕಡಿ ಎಲ್ಲಿ ತೂಗುಹಾಕಿದ್ದರು? ಅಂಗಡಿ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಿದ್ದರು? ಬಾಕಿ ಕೇಳಲು ಯಾರನ್ನು ಕಳಿಸುತ್ತಿದ್ದರು? ಸಿಟ್ಟು ಬಂದರೆ ಏನು ಬೈಯುತ್ತಿದ್ದರು? ಬಾಕಿಯ ಪ್ರಶ್ನೆಗೆ ಲೈನು ಮನೆಯ ಅಜ್ಜಿಯೊಬ್ಬರು ನನಗೆ ಕೊಟ್ಟ ಉತ್ತರ ಹೀಗಿತ್ತು: "ಹೆಂಗಸರು ಅಂಗಡಿಗೆ ಹೋದರೆ ಬಾಕಿ ಮಾತು ಎತ್ತುತ್ತಲೇ ಇರಲಿಲ್ಲ. ಗಂಡಸರು ಹೋದರೆ ಮಾತ್ರ ಕೇಳೋರು. ಅದಕ್ಕೇ ಮಳೆಗಾಲದಲ್ಲಿ ನಾವೇ ಹೋಗ್ತಿದ್ವಿ." ಕೆಲಸವಿಲ್ಲದ ಜುಲೈ ತಿಂಗಳಲ್ಲಿ ಲೈನು ಮನೆಯ ಒಲೆ ಹೇಗೆ ಉರಿಯಿತು ಅನ್ನುವುದು ಈ ಮೂರು ವಾಕ್ಯದಲ್ಲಿದೆ. ಅಜ್ಜ ಎಂಥವರು ಅನ್ನುವುದೂ ಇದೆ.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಗೊಮ್ಮಟನ ಪಾದ ಮುಟ್ಟಲಿಲ್ಲ, ಮುದುಕಿ ಗುಳ್ಳಕಾಯಿಯಲ್ಲಿ ತಂದ ಚೂರು ಹಾಲು ಮುಟ್ಟಿತು ಅನ್ನುತ್ತಾರೆ. ಆಕೆಯ ಊರು ಯಾವುದು, ಮನೆಯವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕೈಯಲ್ಲಿದ್ದ ಗುಳ್ಳಕಾಯಿಯನ್ನು ಮಾತ್ರ ಜನ ಮರೆತಿಲ್ಲ, ಅವಳ ಮೂರ್ತಿ ಇವತ್ತಿಗೂ ಗೊಮ್ಮಟನ ಎದುರಿಗೇ ನಿಂತಿದೆ. ನೀವು ಹುಡುಕುತ್ತಿರುವವರ ಕೈಯಲ್ಲಿ ಏನಿತ್ತು ಅನ್ನುವುದನ್ನು ಹುಡುಕಿ.

ಮಾತಾಡಿಸಲು ಸರಿಯಾದ ಕಾಲ ಮಾರ್ಚ್‌ನಿಂದ ಮೇ ತನಕ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಜೂನ್ ದಾಟಿದರೆ ಶೀಟಿನ ಮನೆಯಲ್ಲಿ ಮಳೆಯ ಸದ್ದಿಗೆ ಮಾತೇ ಕೇಳುವುದಿಲ್ಲ, ರೆಕಾರ್ಡಿಂಗಂತೂ ಪೂರ್ತಿ ಹಾಳು. ಮಳೆಗಾಲದಲ್ಲೇ ಹೋಗಬೇಕಾಗಿ ಬಂದರೆ ಅಡುಗೆಮನೆಯಲ್ಲಿ ಒಲೆ ಪಕ್ಕ ಕೂತು ಮಾತಾಡಿಸಿ. ಫೋನಿನಲ್ಲಿ ರೆಕಾರ್ಡ್ ಮಾಡುತ್ತೀರಿ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಕದ್ದು ಮಾಡಬೇಡಿ. ಮನೆಗೆ ಬಂದ ರಾತ್ರಿಯೇ ಕೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ಇಳಿಸಿ, ಮಾತು ಹೇಗಿದೆಯೋ ಹಾಗೇ. ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅಜ್ಜಿ ಅದರಲ್ಲಿ ಇರುವುದಿಲ್ಲ.

ವರ್ಷ ನೆನಪಿಲ್ಲ ಅಂದಾಗ

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ನಡೆದದ್ದು ನೆನಪಿರುತ್ತದೆ. ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗೆ ಇಟ್ಟುಕೊಳ್ಳಿ. ಹೊಸ ಪೈಸೆ ಬಂದದ್ದು 1957ರ ಏಪ್ರಿಲ್. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಎಲೆಕ್ಷನ್ನಿಗೆ ನಿಂತದ್ದು 1978ರ ನವೆಂಬರ್. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979. ಬಾಹುಬಲಿಗೆ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ಆದದ್ದು 1981, ಅದಾದ ಮೇಲಿನವು 1993, 2006, 2018. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ನಮ್ಮ ಕಾಫಿಗೆ ರೇಟು ಏರಿದ್ದು 1994. ದೇವೇಗೌಡರು ಪ್ರಧಾನಿ ಆದದ್ದು 1996ರ ಜೂನ್ 1.

"ಶಾಲೆಗೆ ಹೆಂಚು ಹಾಕಿಸಿದ್ದು ಯಾವಾಗ?" ಅಂದರೆ ಗೊತ್ತಿಲ್ಲ ಅನ್ನುತ್ತಾರೆ. "ಇಂದಿರಾ ಗಾಂಧಿ ಬರೋಕೆ ಮುಂಚೆಯೋ, ಆಮೇಲೋ?" ಅಂದರೆ ತಕ್ಷಣ ಉತ್ತರ ಬರುತ್ತದೆ. ಇನ್ನೊಂದು ಘಟನೆ ಸೇರಿಸಿ ಎರಡೂ ಕಡೆಯಿಂದ ಒತ್ತಿದರೆ ವರ್ಷ ಹತ್ತಿರ ಹತ್ತಿರ ಸಿಗುತ್ತದೆ. ಇಬ್ಬರು ಬೇರೆ ಬೇರೆ ವರ್ಷ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಕಾಗದ ಸಿಕ್ಕಾಗ ತೀರ್ಮಾನ ಮಾಡಿ.

ಹಣದ ಮಾತು ಬಂದಾಗ ಆ ವರ್ಷದ ದಿನಗೂಲಿ ಎಷ್ಟಿತ್ತು ಅಂತಲೂ ಕೇಳಿ. "ಐವತ್ತು ರೂಪಾಯಿ ಕೊಟ್ಟರು" ಅಂದರೆ ಇವತ್ತಿನ ಹುಡುಗರಿಗೆ ಏನೂ ಅನ್ನಿಸುವುದಿಲ್ಲ. ಅದು ಆಗ ಎಷ್ಟು ದಿನದ ಕೂಲಿ ಅಂತ ಲೆಕ್ಕ ಹಾಕಿ ಬರೆದರೆ ಅನ್ನಿಸುತ್ತದೆ. ಭತ್ತದ ಲೆಕ್ಕ ಖಂಡುಗ, ಕೊಳಗದಲ್ಲಿ ಹೇಳಿದರೆ ಹಾಗೇ ಬರೆದು, ಒಂದು ಖಂಡುಗಕ್ಕೆ 20 ಕೊಳಗ ಅಂತ ಪಕ್ಕದಲ್ಲಿ ತಿಳಿಸಿ.

ಕಾಗದಗಳು

ಶಾಲೆಗೋ ಆಸ್ಪತ್ರೆಗೋ ಜಾಗ ಕೊಟ್ಟವರ ಬಗ್ಗೆ ಬರೆಯುವುದಾದರೆ ಪಹಣಿಯಿಂದ ಶುರು ಮಾಡಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಕಾಲಂ 9ರಲ್ಲಿ ಈಗಿನ ಹೆಸರು, ಕಾಲಂ 10ರಲ್ಲಿ ಅದು ಹೇಗೆ ಬಂತು ಅನ್ನುವುದರ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ) ನಂಬರ್ ಇರುತ್ತದೆ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿದರೆ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ಪ್ರತಿ ಪಡೆಯಬಹುದು.

ಅದಕ್ಕಿಂತ ಒಳ್ಳೆಯ ಕಾಗದ ದಾನಪತ್ರ. ಸ್ಥಿರಾಸ್ತಿಯ ದಾನ ನೋಂದಣಿ ಆಗಲೇಬೇಕು, ಕಡಿಮೆ ಅಂದರೆ ಇಬ್ಬರು ಸಾಕ್ಷಿಗಳ ಸಹಿ ಬೇಕು ಅಂತ ಕಾನೂನಿದೆ. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಥ ಪತ್ರಗಳು ಇರುವುದು ಒಂದನೇ ಪುಸ್ತಕದಲ್ಲಿ. ಅದನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ತೆಗೆದುಕೊಳ್ಳಬಹುದು. ದಾನಪತ್ರ ಸಿಕ್ಕರೆ ಮೇಲಿನ ಸಾಲುಗಳನ್ನು ಓದಿ ಬಿಡಬೇಡಿ, ಕೆಳಗಿನ ಸಾಕ್ಷಿಗಳ ಹೆಸರು ನೋಡಿ. ಅಂಗಡಿ ಅಜ್ಜ ಶಾಲೆಗೆ ಬಿಟ್ಟುಕೊಟ್ಟದ್ದು 20 ಗುಂಟೆ, ರಸ್ತೆ ಬದಿಯ ಜಾಗ. ಸಾಕ್ಷಿ ಹಾಕಿದ ಒಬ್ಬರು ಆಗಿನ ಹೆಡ್‌ಮಾಸ್ಟರು. ಇನ್ನೊಬ್ಬರು ಅಜ್ಜನ ಹಿರಿಯ ಮಗ. ಪಿತ್ರಾರ್ಜಿತ ಜಮೀನಿನಲ್ಲಿ ಆಗ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಪಾಲಿತ್ತು. ಅಂದರೆ ತನ್ನ ಪಾಲೂ ಹೋಗುತ್ತಿದೆ ಅಂತ ಗೊತ್ತಿದ್ದೇ ಆತ ಸಹಿ ಹಾಕಿದ್ದಾರೆ. ಆ ಸಹಿಯ ಬಗ್ಗೆ ಊರಿನಲ್ಲಿ ಯಾರೂ ಮಾತಾಡಿದ್ದಿಲ್ಲ. ನಾನು ಅದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟೆ.

ಪಹಣಿಯಲ್ಲಿ ಇನ್ನೂ ದಾನಿಯ ಹೆಸರೇ ಇದ್ದರೆ ಜಾಗ ಬಾಯಿ ಮಾತಿನಲ್ಲಿ ಕೊಟ್ಟದ್ದಿರಬಹುದು. ಎಷ್ಟೋ ಸರ್ಕಾರಿ ಶಾಲೆಗಳ ಕಥೆ ಇವತ್ತಿಗೂ ಇದೇ. ಇದು ಗೊತ್ತಾದ ಕೂಡಲೇ ಪುಸ್ತಕ ಬದಿಗಿಟ್ಟು ಮನೆಯವರಿಗೂ ಎಸ್‌ಡಿಎಂಸಿಯವರಿಗೂ (ಶಾಲಾಭಿವೃದ್ಧಿ ಸಮಿತಿ) ಹೇಳಿ. ಕೊಟ್ಟವರ ಮಕ್ಕಳು ಇರುವಾಗಲೇ ನೋಂದಣಿ ಮಾಡಿಸಿಬಿಡುವುದು ಒಳ್ಳೆಯದು. ಮೊಮ್ಮಕ್ಕಳ ಕಾಲಕ್ಕೆ ರಸ್ತೆ ಬದಿಯ ಜಾಗದ ಬೆಲೆ ಏರಿರುತ್ತದೆ, ತಾತನ ಮಾತಿಗೆ ಸಾಕ್ಷಿ ಇರುವುದಿಲ್ಲ.

ಸರ್ಕಾರಿ ಕಾಗದಕ್ಕಿಂತ ಜಾಸ್ತಿ ಮಾತಾಡುವುದು ಮನೆಯ ಲೆಕ್ಕದ ಪುಸ್ತಕ. ಅಂಗಡಿ ಅಜ್ಜನ ಬಾಕಿ ಪುಸ್ತಕಗಳನ್ನು ಮಗಳು ಅಟ್ಟದಿಂದ ಇಳಿಸಿ ಕೊಟ್ಟರು. ಉದ್ದಕ್ಕೆ, ಕಿರಿದಾಗಿ, ಕೆಂಪು ಬಟ್ಟೆಯ ರಟ್ಟು ಹಾಕಿದವು. ಪ್ರತಿ ದೀಪಾವಳಿಗೆ ಹೊಸ ಪುಸ್ತಕ. ಮೊದಲ ಪುಟದಲ್ಲಿ ಅರಿಶಿನ ಕುಂಕುಮದ ಬೊಟ್ಟು, ಶ್ರೀ, ಲಾಭ. ಒಬ್ಬೊಬ್ಬರಿಗೆ ಒಂದೊಂದು ಪುಟ. ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಹೊಗೆಸೊಪ್ಪು. ಬಾಕಿ ತೀರಿದವರ ಪುಟದ ಕೆಳಗೆ "ಚುಕ್ತಾ" ಅಂತ ಬರೆದು ತಾರೀಖು ಹಾಕಿದ್ದಾರೆ. ತೀರದವರ ಪುಟದಲ್ಲಿ ಒಟ್ಟು ಮೊತ್ತ ಬರೆದು ಮುಂದಿನ ವರ್ಷದ ಪುಸ್ತಕದ ಪುಟ ನಂಬರ್ ಹಾಕಿದ್ದಾರೆ. ಇವೆರಡೂ ಇಲ್ಲದ ಪುಟಗಳು ಒಂದಷ್ಟಿವೆ. ಮೊತ್ತ ಕೂಡಿಸಿದ್ದಾರೆ, ಚುಕ್ತಾ ಇಲ್ಲ, ಮುಂದಿನ ಪುಸ್ತಕದಲ್ಲಿ ಅದೇ ಹೆಸರು ಇದ್ದರೂ ಹಳೆ ಬಾಕಿ ಬಂದಿಲ್ಲ. ಮೊದಲ ಸಾಲಿನಿಂದಲೇ ಹೊಸ ಲೆಕ್ಕ. ಬಿಟ್ಟುಕೊಟ್ಟ ಬಾಕಿ ಅದು. ಎಲ್ಲೂ "ಮಾಫಿ" ಅಂತ ಬರೆದಿಲ್ಲ. ಬರೆದಿದ್ದರೆ ಅಂಗಡಿಯಲ್ಲಿ ಕೂತ ಯಾರಾದರೂ ಓದುತ್ತಿದ್ದರು.

ಇಂಥ ಪುಸ್ತಕ ಸಿಕ್ಕರೆ ಎರಡು ವರ್ಷದ ಪುಸ್ತಕಗಳನ್ನು ಪಕ್ಕ ಪಕ್ಕ ಇಟ್ಟು ಓದಿ. ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಯಾವ ಹೆಸರು ಮುಂದಕ್ಕೆ ಬಂತು, ಯಾವ ಮೊತ್ತ ಬರಲಿಲ್ಲ ಅಂತ ಪೆನ್ಸಿಲ್‌ನಲ್ಲಿ ಬೇರೆ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ, ಮೂಲ ಪುಸ್ತಕದಲ್ಲಿ ಬೇಡ. ಮಲೆನಾಡಿನ ಶೀತಕ್ಕೆ ಹಾಳೆ ಅಂಟಿಕೊಂಡಿರುತ್ತವೆ. ಎಳೆಯಬೇಡಿ, ಬಿಸಿಲಿಗೂ ಇಡಬೇಡಿ. ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಬಿಟ್ಟರೆ ತಾವೇ ಬಿಡಿಸಿಕೊಳ್ಳುತ್ತವೆ. ಫೋನಿನಲ್ಲಿ ಫೋಟೋ ತೆಗೆಯುವುದಾದರೆ ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ತೆಗೆಯಿರಿ. ಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಖಂಡಿತ ಬೇಡ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದವು, ಕಾಗದದ ಮಾತು ದೂರವೇ ಉಳಿಯಿತು. ಹಾಗಾಗಿ ತೆಗೆದ ಫೋಟೋಗಳು ಬೇರೆ ಊರಿನಲ್ಲಿರುವ ಯಾರಾದರೊಬ್ಬರ ಹತ್ತಿರವೂ ಇರಲಿ.

ಶಾಲೆಯ ದಾಖಲಾತಿ ಪುಸ್ತಕ, ಸಂದರ್ಶಕರ ಪುಸ್ತಕ, ದೇವಸ್ಥಾನದ ಫ್ಯಾನಿನ ರೆಕ್ಕೆ ಮೇಲಿನ ಹೆಸರು, ಪಂಚಾಯ್ತಿಯ ನಡಾವಳಿ, ಇವನ್ನೂ ಒಮ್ಮೆ ನೋಡಿ ಬನ್ನಿ. ಹೆಸರು ಬೇಡ ಅಂದವರ ವಿಷಯ ಇಲ್ಲಿ ಸಿಗುವುದು ಕಡಿಮೆ.

ಮನೆಯವರ ಪಾಲು

ದಾನಿಗಳ ಬಗ್ಗೆ ಬರೆದ ಬಹಳ ಬರಹಗಳಲ್ಲಿ ಹೆಂಡತಿಗೆ ಒಂದು ಸಾಲು ಸಿಗುತ್ತದೆ. "ಧರ್ಮಪತ್ನಿಯೂ ಅವರಿಗೆ ತಕ್ಕವರಾಗಿದ್ದರು." ಇದನ್ನು ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ. ಕೊಡುವ ಕೈಯ ಹಿಂದೆ ಒಂದು ಅಡುಗೆಮನೆ ಇರುತ್ತದೆ. ದೂರದ ಹಾಡಿಗಳಿಂದ ನಡೆದು ಬರುವ ಮಕ್ಕಳಿಗೆ ಅಂಗಡಿ ಅಜ್ಜನ ಮನೆಯಲ್ಲಿ ಮಧ್ಯಾಹ್ನ ಊಟ ಇರುತ್ತಿತ್ತು. ಸರ್ಕಾರದ ಬಿಸಿಯೂಟ ನಮ್ಮ ಕಡೆ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು ಇದು. ಊರು ಹೇಳುವುದು "ಅಜ್ಜ ಊಟ ಹಾಕುತ್ತಿದ್ದರು" ಅಂತ. ಸೌದೆ ಒಲೆ ಮುಂದೆ ಕೂತು ಅಕ್ಕಿ ರೊಟ್ಟಿ ತಟ್ಟಿದ್ದು ಅಜ್ಜಿ. ಅಕ್ಕಿ ಹಿಟ್ಟು ಬೀಸಿದ್ದು ಹೆಣ್ಣುಮಕ್ಕಳು.

ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಬೇಡಿ, ಒಬ್ಬೊಬ್ಬರನ್ನೇ ಮಾತಾಡಿಸಿ. ಒಟ್ಟಿಗೆ ಕೂತಾಗ ಎಲ್ಲರೂ ಹಿರಿಯ ಮಗನ ಮುಖ ನೋಡುತ್ತಾರೆ. ಒಬ್ಬರೇ ಇದ್ದಾಗ ಮಗಳು ನನಗೆ ಹೇಳಿದ್ದು: "ಅಪ್ಪ ಊರ ಮಕ್ಕಳಿಗೆಲ್ಲ ಹೊಸ ನೋಟ್‌ಬುಕ್ ಕೊಡ್ತಿದ್ರು. ನಮಗೆ ಮಾತ್ರ ಹಿಂದಿನ ವರ್ಷದ ಉಳಿದ ಹಾಳೆ ಕಿತ್ತು, ಅಮ್ಮನ ಕೈಲಿ ಹೊಲಿಸಿ ಕೊಡೋರು. ಆಗ ತುಂಬ ಅತ್ತಿದ್ದೀನಿ." ಇದನ್ನು ಬಿಡಬೇಡಿ. ಬರೆದರೆ ದಾನಿಯ ಮರ್ಯಾದೆ ಕಡಿಮೆಯಾಗುತ್ತದೆ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಕೊಟ್ಟದ್ದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗದೆ ಕೊಟ್ಟದ್ದರ ತೂಕ ಗೊತ್ತಾಗುವುದಿಲ್ಲ. ಮಗಳ ಒಪ್ಪಿಗೆ ಕೇಳಿಯೇ ಹಾಕಿದೆ. ಅವರು ಸಂತೋಷದಿಂದ ಒಪ್ಪಿದರು, ಅಮ್ಮ ಹೊಲಿದ ಒಂದು ನೋಟ್‌ಬುಕ್ಕನ್ನು ಫೋಟೋ ತೆಗೆಯಲು ಕೊಟ್ಟರು. ನೀಲಿ ದಾರ, ಉದ್ದುದ್ದ ಹೊಲಿಗೆ, ಹಳೆ ಕ್ಯಾಲೆಂಡರಿನ ಹೊದಿಕೆ.

ಏನನ್ನು ಬರೆಯಬಾರದು

ಪಡೆದವರ ಹೆಸರು. ಇದರಲ್ಲಿ ರಾಜಿ ಬೇಡ. ಯಾರ ಬಾಕಿ ಬಿಟ್ಟರು, ಯಾರ ಮಗಳ ಮದುವೆಗೆ ಅಕ್ಕಿ ಹೋಯಿತು, ಯಾರ ಆಸ್ಪತ್ರೆ ಖರ್ಚು ಕೊಟ್ಟರು, ಇದೆಲ್ಲ ಬಾಕಿ ಪುಸ್ತಕ ಓದಿದ ನಿಮಗೆ ಗೊತ್ತಾಗುತ್ತದೆ. ಅವರ ಮಕ್ಕಳು ಇವತ್ತು ಹಾಸನದಲ್ಲೋ ಬೆಂಗಳೂರಿನಲ್ಲೋ ಒಳ್ಳೆ ಕೆಲಸದಲ್ಲಿರುತ್ತಾರೆ. ಅಜ್ಜ ಮುಚ್ಚಿಟ್ಟದ್ದನ್ನು ನಾವು ಅಚ್ಚು ಹಾಕಿಸಿ ಹಂಚಬಾರದು. ಅವರಾಗಿಯೇ ಮುಂದೆ ಬಂದು "ನನ್ನ ಹೆಸರು ಹಾಕಿ" ಅಂದರೆ ಮಾತ್ರ ಹಾಕಿ. ಆಗಲೂ ಅಚ್ಚಿಗೆ ಹೋಗುವ ಮೊದಲು ಅವರ ಭಾಗವನ್ನು ಓದಿ ಹೇಳಿ. ಪುಟದ ಫೋಟೋ ಹಾಕುವುದಾದರೆ ಹೆಸರು ಮುಚ್ಚಿ. ಊರು ಚಿಕ್ಕದು, ಮನೆ ಗುರುತು ಹೇಳಿದರೂ ಹೆಸರು ಹೇಳಿದಂತೆಯೇ. "ಕೆರೆ ಏರಿ ಪಕ್ಕದ ಮನೆಯ ಕುಂಟ" ಅಂತ ಬರೆದರೆ ಯಾರು ಅಂತ ಇಡೀ ಹೋಬಳಿಗೆ ಗೊತ್ತಾಗುತ್ತದೆ.

ಪವಾಡ ಮಾಡಿ ಬರೆಯಬೇಡಿ. ಇನ್ನೊಬ್ಬ ದಾನಿಗೆ ಹೋಲಿಸಿ ಅವರನ್ನು ಕೆಳಗಿಳಿಸಬೇಡಿ. ಪಕ್ಷ, ಎಲೆಕ್ಷನ್ನು ಬಂದ ಕಡೆ ನಡೆದದ್ದನ್ನಷ್ಟೇ ಹೇಳಿ ಮುಂದೆ ಹೋಗಿ.

ಬರೆಯುವ ರೀತಿ

ಎಲ್ಲಿ ಕಲಿಯಬೇಕು ಅಂದರೆ ನಮ್ಮ ಪಕ್ಕದಲ್ಲೇ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 450ನೇ ಇಸವಿಯದು. ಅದೂ ಕೊಟ್ಟದ್ದರ ದಾಖಲೆಯೇ. ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಅನ್ನುವ ಎರಡು ಊರು ಕೊಟ್ಟದ್ದು ಅದರಲ್ಲಿದೆ. ಯಾರಿಗೆ, ಏನನ್ನು, ಯಾಕೆ, ಯಾರ ಮುಂದೆ, ಇವಿಷ್ಟೂ ಒಂದೇ ಕಲ್ಲಿನಲ್ಲಿ ಮುಗಿದಿದೆ. ನೀವೂ ಒಂದೊಂದು ಕೊಡುಗೆಗೆ ಒಂದೊಂದು ಅಧ್ಯಾಯ ಮಾಡಿ, ಈ ನಾಲ್ಕು ಪ್ರಶ್ನೆಗೆ ಮೊದಲು ಉತ್ತರ ಬರೆಯಿರಿ. ಐದನೆಯದಾಗಿ ನಾನು ಸೇರಿಸುವುದು: ಅದರಿಂದ ಮನೆಯಲ್ಲಿ ಏನು ಕಡಿಮೆಯಾಯಿತು?

ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಒಂದೇ ಪುಟದಲ್ಲಿ ಮುಗಿಯಲಿ. ವಿಶೇಷಣಗಳನ್ನು ಎರಡನೇ ಸಲ ಓದುವಾಗ ಹೊಡೆದುಹಾಕಿ. "ಉದಾರಿ" ಅನ್ನುವ ಪದ ತೆಗೆದು ಆ ಜಾಗದಲ್ಲಿ ಅವರು ಮಾಡಿದ ಒಂದು ಕೆಲಸ ಇಡಿ. ಇಡಲು ಏನೂ ಸಿಗದಿದ್ದರೆ ಆ ಸಾಲೇ ಬೇಡ. ಬರೆದಾದ ಮೇಲೆ ಮನೆಯವರ ಮುಂದೆ ಜೋರಾಗಿ ಓದಿ. ಕಣ್ಣಿನಲ್ಲಿ ಓದುವಾಗ ದಾಟಿಹೋಗುವ ತಪ್ಪು ಕಿವಿಗೆ ಬೀಳುತ್ತದೆ. ನಾನು ಓದುವಾಗ ಕಿರಿಯ ಸೊಸೆ ನಡುವೆ ತಡೆದು "ಆ ಜೀಪು ಮಾವನದ್ದಲ್ಲ, ಬಾಡಿಗೆದು, ಪೆಟ್ರೋಲ್ ಮಾತ್ರ ಮಾವ ಹಾಕಿಸ್ತಿದ್ರು" ಅಂದರು. ಡ್ರೈವರಿಗೂ ಒಂದು ಪ್ಯಾರಾ ಸೇರಿತು, ಏಕೆಂದರೆ ರಾತ್ರಿ ಎದ್ದು ಬಂದದ್ದು ಅವರೂ ತಾನೆ.

ಅಚ್ಚು ಮತ್ತು ಹಂಚಿಕೆ

ಸಾಮಾನ್ಯ ಡೆಮಿ ಸೈಜಿನ ಪುಸ್ತಕದಲ್ಲಿ ಒಂದು ಫಾರಂ ಅಂದರೆ 16 ಪುಟ. ಹಾಗಾಗಿ 32 ಅಥವಾ 48 ಪುಟಕ್ಕೆ ಸರಿಯಾಗಿ ಬರೆದರೆ ಖರ್ಚು ಹಿಡಿತದಲ್ಲಿರುತ್ತದೆ. ನಮ್ಮದು 48 ಪುಟ ಆಯಿತು. ಫೋನಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಕ್ಷರವನ್ನು ಪ್ರೆಸ್ಸಿನಲ್ಲಿ ನುಡಿ ಅನ್ನುವ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಲವು ಕಡೆ ಒಡೆಯುತ್ತವೆ. ಕರಡನ್ನು ಪೂರ್ತಿ ಓದಿ. ಊರಿನ ಹೆಸರು, ಮನೆತನದ ಹೆಸರುಗಳನ್ನು ಇನ್ನೊಬ್ಬರ ಕೈಲೂ ಓದಿಸಿ.

ಬಿಡುಗಡೆಗೆ ಶಾಮಿಯಾನ, ಶಾಲು, ಹಾರ ಅಂತ ಹಣ ಹಾಕುವ ಬದಲು ಇನ್ನಷ್ಟು ಪ್ರತಿ ಅಚ್ಚು ಹಾಕಿಸಿ. ಹೆಸರೇ ಬೇಡ ಅಂದವರಿಗೆ ಅದು ಒಪ್ಪುವುದೂ ಇಲ್ಲ. ಶಾಲೆಯ ಕಪಾಟಿಗೆ, ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ, ಜಿಲ್ಲಾ ಗ್ರಂಥಾಲಯಕ್ಕೆ ಪ್ರತಿ ಕೊಟ್ಟು ರಿಜಿಸ್ಟರಿನಲ್ಲಿ ನಂಬರ್ ಹಾಕಿಸಿ. ನಂಬರ್ ಬೀಳದ ಪುಸ್ತಕ ಕಪಾಟಿನಲ್ಲಿ ಉಳಿಯುವುದಿಲ್ಲ. ನಿಮ್ಮ ಜೊತೆ ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಪ್ರತಿ ನೀವೇ ಹೋಗಿ ಕೊಡಿ, ಓದು ಬಾರದವರಿಗೆ ಅವರ ಮಾತು ಬರುವ ಪುಟವನ್ನು ಓದಿ ಹೇಳಿ.

ಕೊನೆಯ ಪುಟದಲ್ಲಿ ನಿಮ್ಮ ಫೋನ್ ನಂಬರ್ ಹಾಕಿ. ಫೋನ್ ಬರುತ್ತದೆ. ನನಗೆ ಸಕಲೇಶಪುರದ ಕಡೆಯಿಂದ ಒಬ್ಬರು ಮಾಡಿದರು. ಅಜ್ಜ ಅವರ ಹಾಸ್ಟೆಲ್ ಫೀಸು ಕಟ್ಟಿದ್ದರಂತೆ, ಮನಿ ಆರ್ಡರ್ ರಸೀದಿ ಇನ್ನೂ ಇಟ್ಟುಕೊಂಡಿದ್ದಾರಂತೆ. ನಮ್ಮ ಮನೆಯವರಿಗೂ, ಅಜ್ಜನ ಮನೆಯವರಿಗೂ ಗೊತ್ತಿಲ್ಲದ ವಿಷಯ ಅದು. ಇಂಥವುಗಳಿಗೆ ಬೇರೆ ನೋಟ್‌ಬುಕ್ ಇಟ್ಟು ತಾರೀಖು ಹಾಕಿ ಬರೆದಿಡಿ, ರಸೀದಿಯ ಫೋಟೋ ಕೇಳಿ ತರಿಸಿಕೊಳ್ಳಿ. ಎರಡನೇ ಮುದ್ರಣಕ್ಕೆ ನಾನು ಸೇರಿಸುತ್ತಿರುವುದು ಅದನ್ನೇ.